ಮಡಿಲಿಗೆ ಬಂದ ಸೀರೆ

ಆಗಸ್ಟ್ ೧೫, ಶುಕ್ರವಾರ

ಆ ಸೀರೆಯನ್ನು ಯಾಕಾದರೂ ತಂದೆನೋ. ಕುರ್ಚಿಯ ಮೇಲಿಟ್ಟಿದ್ದೇನೆ, ಕಣ್ಣು ಅಲ್ಲಿಗೇ ಹೋಗುತ್ತದೆ.

ಬೆಳಿಗ್ಗೆ ಜೆ.ಪಿ. ನಗರದಲ್ಲಿ, ತವರುಮನೆಯ ರಸ್ತೆಯಲ್ಲಿ, ಧ್ವಜ ಹಾರಿಸಿದ್ದು ಅಣ್ಣ ಶಶಿಧರ. ಸಮಾನ ಹಕ್ಕುಗಳ ಬಗ್ಗೆ ಹತ್ತು ನಿಮಿಷ ಮಾತಾಡಿದ. ಆ ಭಾಷಣ ಬರೆದುಕೊಟ್ಟವಳು ನಾನೇ.

ಊಟವಾದ ಮೇಲೆ ಅತ್ತಿಗೆ ಕುಂಕುಮವಿಟ್ಟು, ಸೀರೆ ಕೊಟ್ಟು ಮಡಿಲು ತುಂಬಿದರು. ನಾನಿನ್ನೂ ಮಣೆಯಿಂದ ಎದ್ದಿರಲಿಲ್ಲ. ಅಣ್ಣ ಹೇಳಿದ: "ಸೋಮವಾರ ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದು ಸೈನ್ ಹಾಕ್ಬಿಡಮ್ಮ. ಅಪ್ಪನ ಮನೇಲಿ ಪಾಲು ಬೇಡ ಅಂತ. ಅಷ್ಟೇ."

ಮಡಿಲಿಗೆ ಬಂದದ್ದನ್ನು ವಾಪಸು ಕೊಟ್ಟರೆ ತವರಿಗೆ ಕೇಡಂತೆ. "ನೋಡ್ತೀನಿ ಅಣ್ಣ" ಎಂದು ಎದ್ದು ಬಂದೆ. 

ಈಗಷ್ಟೇ ಅಮ್ಮನ ಫೋನ್. ಮಗನ ಪರ ಮಾತಾಡುತ್ತಾಳೆ ಎಂದುಕೊಂಡು ಸಿಡುಕಿದೆ. ಅವಳು ಮೆಲ್ಲಗೆ ಹೇಳಿದಳು: "ನಿಮ್ಮ ಸೋದರಮಾವನೂ ನಂಗೆ ಹಿಂಗೇ ಕೊಟ್ಟಿದ್ದ ಕಣೆ. ಹಸಿರು ರೇಷ್ಮೆ. ಹೆಬ್ಬೆಟ್ಟು ಒತ್ತಿ ಬಂದೆ. ನಲವತ್ತು ವರ್ಷ ಆಯ್ತು, ಒಂದ್ ದಿನಾನೂ ಉಟ್ಟಿಲ್ಲ."

ನಾಳೆ ಬೆಳಿಗ್ಗೆಯೇ ಹೋಗಿ ಸೀರೆ ಕೊಟ್ಟುಬಿಡಬೇಕು. ಅಣ್ಣನ ಮುಖ ನೋಡಿ ಮತ್ತೆ "ನೋಡ್ತೀನಿ" ಎಂದುಬಿಟ್ಟರೆ? ಇಲ್ಲ, ಕೊಡುತ್ತೇನೆ. ತವರಿಗೆ ಕೇಡಾದರೆ ಆಗಲಿ, ಅದರಲ್ಲಾದರೂ ನನಗೊಂದು ಪಾಲಿರಲಿ.