ಉಸಿರು ಬಿಟ್ಟು ಕೊಡುವ ಅಳತೆ

ಹಸಿದ ಹೊಟ್ಟೆಯಲ್ಲಿ ಕೂತು ಈ ಪತ್ರ ಓದುತ್ತಿರುವ ಅಕ್ಕನಿಗೆ,

ಮೊದಲು ಎದ್ದು ಹೋಗಿ ಏನಾದರೂ ತಿಂದು ಬಾ. ಪತ್ರ ಎಲ್ಲೂ ಓಡಿಹೋಗುವುದಿಲ್ಲ.

ಬಂದೆಯಾ? ನಿನ್ನೆ ನಿನ್ನ ಮಗಳು ನನ್ನ ಟೈಲರ್ ಅಂಗಡಿಗೆ ಬಂದಿದ್ದಳು. ಗುಂಡಿ ಹಾಕಿಸುವ ನೆಪ. ಗುಂಡಿ ಗಟ್ಟಿಯಾಗಿಯೇ ಇತ್ತು. ಕೆದಕಿದ ಮೇಲೆ ಬಾಯಿಬಿಟ್ಟಳು: "ಮಾವ, ಅಮ್ಮಂಗೆ ಸಕ್ಕರೆ ಕಾಯಿಲೆಯಂತೆ, ಎರಡನೇ ಬಗೇದು. ಸೋಮವಾರ ಡಾಕ್ಟ್ರು ಮತ್ತೆ ನೋಡ್ತಾರೆ. ಅದಕ್ಕೇ ಎರಡು ದಿನದಿಂದ ಬರೀ ಸೌತೆಕಾಯಿ ತಿಂತಿದಾಳೆ. ಮಾತ್ರೆನೆಲ್ಲ ದಾರದ ಡಬ್ಬೀಲಿ ಬಚ್ಚಿಟ್ಟಿದಾಳೆ."

ನಾನು ನಕ್ಕ ನಗುವಿಗೆ ಆ ಹುಡುಗಿಗೆ ಸಿಟ್ಟೇ ಬಂತು. ನಗದೆ ಏನು ಮಾಡಲಿ, ಅದು ನನ್ನ ಉಪಾಯ ಅಕ್ಕ. ನನ್ನನ್ನು ಕೇಳದೆ ಕದ್ದಿದ್ದೀಯ.

ನಾಲ್ಕು ವರ್ಷದಿಂದ ನನಗೂ ಇದೇ ಕಾಯಿಲೆ. ಇದೇ ಕಾಯಿಲೆಗೆ ಅಮ್ಮ ಕಳೆದುಕೊಂಡ ಕಾಲು ನೆನಪಾಗಿ ನೀನು ಹೆದರುತ್ತೀಯೆಂದು ನಾನು ಹೇಳಲಿಲ್ಲ. ಅದೇ ಕಾರಣಕ್ಕೆ ನೀನೂ ಹೇಳಲಿಲ್ಲ. ಒಂದೇ ಬಟ್ಟೆಯ ಎರಡು ತುಂಡು ನಾವು.

ರಕ್ತ ಪರೀಕ್ಷೆಗೆ ಮೂರು ದಿನ ಇರುವಾಗ ನಾನು ಸೊಪ್ಪು ಮೇಯುತ್ತಿದ್ದೆ. ಬೀದಿ ನಾಯಿಗಳಿಗೆ ಪರಿಚಯವಾಗುವಷ್ಟು ನಡೆಯುತ್ತಿದ್ದೆ. ರಕ್ತ ಕೊಟ್ಟೆನೋ, ನೆಟ್ಟಗೆ ಬೇಕರಿಗೆ. ಡಾಕ್ಟರು ಬೆನ್ನು ತಟ್ಟಿದರು, ನಾನು ಬೀಗಿದೆ. ಒಂದೂವರೆ ವರ್ಷ ಹೀಗೇ ನಡೆಯಿತು. ಆಮೇಲೆ ಹೊಸ ನರ್ಸಮ್ಮ ಬಂದಳು. "ಇದು ಇವತ್ತಿನ ಸಕ್ಕರೆ ಅಲ್ಲ ಯಜಮಾನ್ರೆ, ಮೂರು ತಿಂಗಳ ಸರಾಸರಿ" ಎಂದು ಬೇರೊಂದು ಪರೀಕ್ಷೆಯ ಚೀಟಿ ತೋರಿಸಿದಳು. ತಿಂದ ಒಂದೊಂದು ಬನ್ನೂ ಅಲ್ಲಿ ಸಾಕ್ಷಿ ಹೇಳುತ್ತಿತ್ತು. ಅವಳ ಗಂಡ ನಮ್ಮ ಅಂಗಡಿಯ ಗಿರಾಕಿ. ನನ್ನ ಮುಖ ನೋಡಿ ಮೆಲ್ಲಗೆ ಅಂದಳು: "ಹೊಟ್ಟೆ ಒಳಗೆಳ್ಕೊಂಡು ಅಳತೆ ಕೊಟ್ರೆ ಪ್ಯಾಂಟ್ ಹಾಕ್ಕೊಂಡು ಕೂರೋಕಾಗತ್ತಾ ಅಂತ ನಮ್ಮನೆಯವರಿಗೆ ಬೈದೋರು ನೀವೇ ತಾನೆ?"

ನಾನು ಚೀಟಿ ಮಡಚಿ ಜೇಬಿಗಿಟ್ಟೆ.

ಅವಳೇ ಕೂರಿಸಿ ಹೇಳಿದಳು. ತಿಂದದ್ದು ರಕ್ತದಲ್ಲಿ ಸಕ್ಕರೆಯಾಗುತ್ತದೆ, ಅದು ಮೈಗೆ ಸೇರಲು ಇನ್ಸುಲಿನ್ ಬೇಕು. ನಮ್ಮಂಥವರಲ್ಲಿ ಇನ್ಸುಲಿನ್ ಇದೆ, ಮೈ ಅದರ ಮಾತು ಕೇಳುವುದಿಲ್ಲ. ನೀನು ನನಗೆ ಹೊಲಿಗೆ ಕಲಿಸುವಾಗ ನಾನು ಕಿಟಕಿ ನೋಡುತ್ತಿದ್ದೆನಲ್ಲ, ಹಾಗೆ. ನೀನು ಕಿವಿ ಹಿಂಡಿದೆ, ನಾನು ಕಲಿತೆ. ಮಾತ್ರೆ, ನಡಿಗೆ, ಹಿತಮಿತದ ಊಟ ಮೂರೂ ಸೇರಿ ಮಾಡುವುದು ಅದನ್ನೇ, ಮೈಯ ಕಿವಿ ಹಿಂಡುವುದು. ಅಮ್ಮನಿಗೆ ಇದನ್ನು ಹೇಳುವವರಿರಲಿಲ್ಲ. ಗಾಯ ಕಪ್ಪಾದ ಮೇಲೆ ಗೊತ್ತಾಯಿತು. ನಮಗೆ ಮೊದಲೇ ಗೊತ್ತಾಗಿದೆ, ಅದೇ ನಮ್ಮ ಪುಣ್ಯ.

ನನ್ನ ಈಗಿನ ವೈಭವ ಕೇಳು. ಮಧ್ಯಾಹ್ನ ಉಂಡ ಕೂಡಲೇ ಪಕ್ಕದ ಇಸ್ತ್ರಿಯವನ ಜೊತೆ ಇಪ್ಪತ್ತು ನಿಮಿಷ ನಡೆಯುತ್ತೇನೆ. ಅವನಿಗೆ ಬಿ.ಪಿ., ನನಗೆ ಸಕ್ಕರೆ. ಯಾರ ಕಾಯಿಲೆ ದೊಡ್ಡದೆಂದು ದಾರಿಯುದ್ದಕ್ಕೂ ಜಗಳ. ಅಂಗಡಿಯ ನೆಲದ ತುಂಬ ಗುಂಡುಸೂಜಿ ಎಂದು ನಿನ್ನ ನಾದಿನಿ, ಅಂದರೆ ನನ್ನ ಹೆಂಡತಿ, ದಿನಾ ಆಯಸ್ಕಾಂತ ಎಳೆಯುತ್ತಾಳೆ. ರಾತ್ರಿ ನನ್ನ ಪಾದ ತಿರುಗಿಸಿ ತಿರುಗಿಸಿ ನೋಡುತ್ತಾಳೆ. ಮದುವೆಯಾದ ಹೊಸದರಲ್ಲಿ ಮುಖವನ್ನೂ ಇಷ್ಟು ನೋಡಿರಲಿಲ್ಲ. ನನ್ನ ಪ್ಯಾಂಟುಗಳ ಸೊಂಟ ಎರಡು ಸಲ ಒಳಗೆ ಹಿಡಿದಿದ್ದೇನೆ. ಬನ್ನು ಪೂರ್ತಿ ಬಿಟ್ಟಿಲ್ಲ. ಹೊಲಿಗೆಯ ಒಳಗೆ ಬೆರಳಗಲ ಬಟ್ಟೆ ಬಿಡು ಎಂದು ಕಲಿಸಿದವಳು ನೀನೇ. ಊಟದಲ್ಲೂ ಅಷ್ಟು ಸಡಿಲ ಬಿಡಬಹುದು ಎಂದಿದ್ದಾಳೆ ನರ್ಸಮ್ಮ. ಎಂದಾದರೊಮ್ಮೆ ಅರ್ಧ ನನಗೆ, ಅರ್ಧ ಇಸ್ತ್ರಿಯವನಿಗೆ.

ನಿನಗೊಂದು ಕೋಟಿನ ಬಟ್ಟೆ ತೆಗೆದಿಟ್ಟಿದ್ದೇನೆ, ನಡೆಯಲು ಹೋಗುವಾಗ ಹಾಕಿಕೊಳ್ಳಲು. ಒಳಗಡೆ ಮಾತ್ರೆ ಡಬ್ಬಿಗೆ ಜೇಬು ಬರುತ್ತದೆ. ಸೋಮವಾರ ಬೆಳಿಗ್ಗೆ ಟೇಪು ಹಿಡಿದು ಬರುತ್ತೇನೆ. ಅಳತೆ ತೆಗೆದು ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ. ದಾರದ ಡಬ್ಬಿಯನ್ನು ಹಾಗೇ ತಾ. ಒಂದೂ ನುಂಗಿಲ್ಲವೆಂದು ನೀನೇ ಹೇಳು, ನಿನ್ನ ಪಾಲಿನ ಬೈಗುಳ ನಾನು ತಿನ್ನುತ್ತೇನೆ. ಬೈಗುಳದಲ್ಲಿ ಸಕ್ಕರೆ ಇರುವುದಿಲ್ಲ.

ಒಂದೇ ಮಾತು. ಟೇಪಿನ ಮುಂದೆಯಾಗಲಿ, ಡಾಕ್ಟರ ಮುಂದೆಯಾಗಲಿ ಹೊಟ್ಟೆ ಒಳಗೆಳೆದುಕೊಳ್ಳಬೇಡ. ಉಸಿರು ಬಿಟ್ಟು ನಿಲ್ಲು.

ನಿನ್ನ ಎರಡೂ ಕಾಲು ಇನ್ನೂ ಬಹಳ ವರ್ಷ ಹೊಲಿಗೆ ಯಂತ್ರ ತುಳಿಯುತ್ತಿರಲಿ ಎಂದು ಹಾರೈಸುವ,

ನೀನು ಕಿವಿ ಹಿಂಡಿ ಬೆಳೆಸಿದ
ತಮ್ಮ