ಇರ್ಲಿ ಬುಡಿ

ಕಲ್ಯ, ಮಾಗಡಿ ತಾಲ್ಲೂಕು
ರಕ್ತಾಕ್ಷಿ ಸಂವತ್ಸರ, ಕಾರ್ತಿಕ ಬಹುಳ ತದಿಗೆ, ಶುಕ್ರವಾರ
೧೪ನೇ ನವೆಂಬರ್ ೧೯೨೪

ನನ್ನ ರೇವಣ್ಣನಿಗೆ, ನಿನ್ನ ತಾತ ಕಾಡಸಿದ್ದಪ್ಪ ಬರೆಯುವುದು.

ಮೊದಲು ನಿನ್ನ ಬಾಯಿ ಹೇಗಿದೆ ಹೇಳು. ಮಿಕ್ಕದ್ದು ಆಮೇಲೆ. ಗಂಗಹನುಮಯ್ಯ ಹೋದ ವಾರ ಗಾಡಿಯಲ್ಲಿ ಹಾಲೆಮರದ ತುಂಡುಗಳನ್ನು ಹೇರಿಕೊಂಡು ಚನ್ನಪಟ್ಟಣದ ಬೊಂಬೆ ಕೆಲಸದವರಿಗೆ ಹಾಕಿ ಬಂದನಲ್ಲ, ನಿನ್ನ ಜೊತೆ ಪಾಳ್ಯ ಬಿಟ್ಟು ಬಂದ ಹಬೀಬನ ತಂದೆ ಫಕ್ರುದ್ದೀನ್ ಸಾಹೇಬರ ಅಂಗಳದಲ್ಲಿ ನಿನ್ನನ್ನು ಕಂಡನಂತೆ. ‘ನಿಮ್ಮ ಹೈದ ಅಲ್ಲವ್ನೆ ಕಣಯ್ಯಾ, ಬೊಂಬೆ ಕಡಿತಾವ್ನೆ. ಮುದ್ದೆ ನುಂಗ್ತಾನೆ, ರೊಟ್ಟಿ ಆದ್ರೆ ಮಾತ್ರ ಒಂದೇ ದವಡೇಲಿ ಅಗಿತಾನೆ’ ಎಂದ. ನಿನ್ನ ಅಜ್ಜಿ ಹೇಳುತ್ತಾಳೆ: ತುಟಿಯ ಅಂಚಿಗೆ ಎರಡು ಹೊತ್ತೂ ತುಪ್ಪ ಸವರಬೇಕಂತೆ, ಖಾರ ಮುಟ್ಟಬಾರದಂತೆ, ಆಕಳಿಕೆ ಬಂದರೆ ಕೈಯಿಂದ ದವಡೆ ಒತ್ತಿ ಹಿಡಿಯಬೇಕಂತೆ. ಈ ವೈದ್ಯ ಅವಳಿಗೆ ಹೇಗೆ ಗೊತ್ತು ಎಂದು ಈಗ ಕೇಳಬೇಡ. ಹಬೀಬನ ತಾಯಿ ಅಮೀರುನ್ನೀಸಾ ನಿನಗೆ ಬೇರೆ ಒಲೆ ಹೂಡಿ ಹೊಸ ಮಡಕೆ ತಂದುಕೊಟ್ಟಿದ್ದಾರೆ, ನೀನು ಲಿಂಗಪೂಜೆಗೆ ಕೂತರೆ ಮಕ್ಕಳನ್ನು ಗದ್ದಲ ಮಾಡದಂತೆ ಹೊರಗೆ ಕಳಿಸುತ್ತಾರೆ ಎಂದು ಕೇಳಿ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ‘ನಾವ್ ಹೊರಗ್ ಹಾಕಿದ್ ಮಗೀನ ಆ ತಾಯಿ ಒಳೀಕ್ ಕರ್ಕಂಡವ್ಳೆ’ ಎಂದು ಗಂಗಹನುಮಯ್ಯನಿಗೆ ಹೇಳಿದಳು. ನಾವ್ ಎಂದಳು, ನೋಡು. ಹಾಕಿದವನು ನಾನೊಬ್ಬನೇ.

ಇಲ್ಲಿ ರಾಗಿ ಕೊಯ್ಲು ಅರ್ಧ ಮುಗಿದಿದೆ. ತೆನೆ ಸುಮಾರಾಗಿದೆ. ಕಪ್ಪೆಮ್ಮೆ ಹೆಣ್ಣುಗರು ಹಾಕಿದೆ. ನನ್ನ ಮೈಯಲ್ಲಿ ಹೇಳಿಕೊಳ್ಳುವಂಥ ಕಾಯಿಲೆ ಏನೂ ಇಲ್ಲ. ನಿನ್ನ ಅಜ್ಜಿ ನನ್ನೊಡನೆ ಮಾತು ಬಿಟ್ಟು ಇಪ್ಪತ್ತು ದಿನವಾಗಿತ್ತು. ನಿನ್ನೆ ನಾನು ಕಾಗದ, ದೌತಿ ತೆಗೆದು ಕೂತದ್ದು ಕಂಡು ಮೊದಲ ಸಲ ಬಾಯಿಬಿಟ್ಟಳು. ‘ಎಲ್ಲಾನೂ ಬರೀರಿ. ಅದೊಂದ್ ವಿಷ್ಯ ಬುಟ್ಟು ಬರುದ್ರೆ ಕಾಗ್ದಾನ ಒಲೆಗ್ ಹಾಕ್ಬುಡ್ತೀನಿ’ ಎಂದಳು. ಬರೆಯುತ್ತೇನೆ. ಆದರೆ ಅದು ಸುಲಭಕ್ಕೆ ಕೈಯಿಂದ ಇಳಿಯುವ ಮಾತಲ್ಲ; ಸುತ್ತಿ ಬಳಸಿ ಬರಬೇಕು.

ನೀನು ಬಂದ ದಿನದಿಂದಲೇ ಶುರುಮಾಡುತ್ತೇನೆ. ದೀಪಾವಳಿಗೆ ನಾಲ್ಕು ದಿನವಿತ್ತು. ಜಗಲಿಯ ಮೇಲೆ ನಾನು ಹಳೆಯ ಪಟ್ಟಾಕತ್ತಿಗೆ ಎಣ್ಣೆ ತಿಕ್ಕುತ್ತ ಕೂತಿದ್ದೆ, ದಾರಿಯಲ್ಲಿ ಹೋಗುವವರಿಗೆ ಕಾಣಲಿ ಎಂದೇ. ಕ್ಲೋಸ್‌ಪೇಟೆಯಲ್ಲಿ ರೈಲು ಇಳಿದು ಅಷ್ಟು ದೂರ ನಡೆದು ಬಂದ ನಿನ್ನ ಕಾಲಿಗೆ ನೀರು ಕೊಡಿ ಎನ್ನುವುದಕ್ಕೆ ಮೊದಲು, ಯೂನಿಫಾರಂ ಎಲ್ಲಿ ಎಂದು ಕೇಳಿದೆ. ಹಬೀಬನಿಗೆ ಕಟ್ಟಿದ ಲಗಾಮನ್ನು ಹಿಡಿಯಲಾರೆ ಎಂದದ್ದಕ್ಕೆ ಹುಕುಂ ಮೀರಿದವನೆಂದು ಹೆಸರು ಹೊಡೆದುಹಾಕಿದರು ಎಂದು ನೀನು ಹೇಳಿದೆ. ಎದುರುಮನೆಯ ದೊಡ್ಡಲಕ್ಷ್ಮಮ್ಮ ಕೇಳಿಸಿಕೊಳ್ಳುತ್ತಿದ್ದಳು. ಅಷ್ಟು ಸಾಕಾಯಿತು ನನಗೆ. ‘ಲಗಾಮ್ ಹಿಡಿಯಾಕೆ ಕೈ ನಡುಗ್ತೇನ್ಲಾ? ಹೋಗು, ಬಳೆ ತೊಟ್ಕಂಡ್ ಕೂತ್ಕೋ. ಜಮಾದಾರನ್ ಮನೇಲಿ ನಿಂಗೆ ಜಾಗ ಇಲ್ಲ’ ಎಂದು ಕೂಗಿದೆ. ಬಳೆ ತೊಟ್ಟ ಕೈಯೇ ನಲವತ್ತು ವರ್ಷದಿಂದ ನನಗೆ ಅನ್ನ ಹಾಕಿದೆ, ಇನ್‌ಫ್ಲುಯೆಂಜಾ ನಿನ್ನ ಅಪ್ಪ ಅವ್ವ ಇಬ್ಬರನ್ನೂ ಒಂದೇ ವಾರದಲ್ಲಿ ಒಯ್ದ ಮೇಲೆ ನಿನಗೆ ತುತ್ತಿಟ್ಟು ಸಾಕಿದ್ದೂ ಅದೇ ಕೈ. ಈ ಬುದ್ಧಿ ಆಗ ಹೊಳೆಯಲಿಲ್ಲ. ನೀನು ತಿರುಗಿ ಕೂಗಾಡಿದ್ದರೆ ಚೆನ್ನಾಗಿತ್ತು. ನೀನು ನನ್ನ ಮುಖ ನೋಡಿದೆ, ಕತ್ತಿ ನೋಡಿದೆ. ‘ಇರ್ಲಿ ಬುಡು ತಾತ’ ಎಂದು ಬಂದ ದಾರಿಯಲ್ಲೇ ಹೊರಟೆ. ನಿನ್ನ ಅಜ್ಜಿ ರೊಟ್ಟಿ ಗಂಟು ಹಿಡಿದು ಕೆರೆ ಏರಿಯವರೆಗೆ ಓಡಿದಳು. ನಾನು ಜಗಲಿ ಇಳಿಯಲಿಲ್ಲ.

ಆ ಮಾತು ನೀನು ಬೇಕೆಂದೇ ಆಡಿದೆಯೋ, ನಮ್ಮ ಸೀಮೆಯವರ ಬಾಯಿಗೆ ತಾನಾಗಿ ಬರುವಂತೆ ಬಂತೋ ತಿಳಿಯದು. ಕಾಲು ತುಳಿದವನಿಗೂ ನಾವು ಇರ್ಲಿ ಬುಡಿ ಎನ್ನುತ್ತೇವೆ, ಎಮ್ಮೆ ಸತ್ತರೂ ಇರ್ಲಿ ಬುಡಿ ಎನ್ನುತ್ತೇವೆ. ಹೊಡೆದ ಸಾಹುಕಾರನಿಗೂ ಅದನ್ನೇ ಹೇಳಿ ಹೇಳಿ ನಮ್ಮ ಬೆನ್ನು ಬಗ್ಗಿದೆ. ಆದರೆ ನಾನು ಅದನ್ನು ಆಡಿದ ಜಾಗ ಬೇರೆ. ಅದನ್ನು ನೀನು ನನ್ನ ಬಾಯಿಂದಲೇ ಕೇಳಬೇಕು.

ಹೋದ ವೈಶಾಖದಲ್ಲಿ, ನೀನು ಕುದುರೆಪಡೆಗೆ ಸೇರುವ ಮೊದಲು, ಮಾಗಡಿಯ ಮುಸಾಫಿರ್ ಬಂಗಲೆಗೆ ಪಡೆಯ ಪಾಳ್ಯದಿಂದ ಇಬ್ಬರು ದೊಡ್ಡ ಅಧಿಕಾರಿಗಳೂ ಒಬ್ಬ ಮುನ್ಷಿಯೂ ಬಂದಿದ್ದರು. ಆಫೀಸರಾಗಲು ಬರುವ ಹುಡುಗರಿಗೆ ಹೊಸ ರೀತಿ ಶಿಕ್ಷಣ ಕೊಡಬೇಕೆಂದಿದೆ, ಹಳೆಯ ಪದ್ಧತಿಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು, ಪಿಂಚಣಿ ಪಡೆದ ಹಳಬರು ಹೇಳಿ ಎಂದು ಕೇಳಿದರು. ನನಗೆ ಕುರ್ಚಿ ಕೊಟ್ಟರು ರೇವಣ್ಣ. ಮೂವತ್ತು ವರ್ಷ ಚಾಕರಿ ಮಾಡಿದವನಿಗೆ ಅಧಿಕಾರಿಗಳ ಎದುರು ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಆ ಕುರ್ಚಿಯೇ ನನ್ನನ್ನು ಕೆಡಿಸಿತು. ಮೊದಲನೆಯ ಪ್ರಶ್ನೆ, ಸವಾರ ತನ್ನ ಕುದುರೆ ಮೇವು ತಿಂದ ಮೇಲೆಯೇ ತಾನು ಊಟಕ್ಕೆ ಕೂರಬೇಕೆಂಬ ಪದ್ಧತಿ. ಇರಲೇಬೇಕು ಎಂದೆ, ಈಗಲೂ ಅದನ್ನೇ ಹೇಳುತ್ತೇನೆ. ಕುದುರೆಗೆ, ಆಮೇಲೆ ಕೈಕೆಳಗಿನವರಿಗೆ, ಕಡೆಗೆ ತನಗೆ. ಇದಕ್ಕಿಂತ ದೊಡ್ಡ ವಿದ್ಯೆ ಆಫೀಸರಿಗೆ ಯಾವುದಿದೆ? ಎರಡನೆಯದು ಜೀನು ಹೊರಿಸುವ ಶಾಸ್ತ್ರ. ಹೊಸಬನ ಬೆನ್ನಿಗೆ ಜೀನು ಬಿಗಿದು, ಬಾಯಿಗೆ ಕಬ್ಬಿಣದ ಕಡಿವಾಣ ತುರುಕಿ, ಹಿಂದೆ ಒಬ್ಬ ಹಿರಿಯ ಲಗಾಮು ಹಿಡಿದು ಮೈದಾನವನ್ನು ಮೂರು ಸುತ್ತು ಓಡಿಸುವುದು. ‘ಕುದುರೆ ಆಗದವನು ಸವಾರನಾಗ’ ಎಂಬುದು ಅದರ ಗಾದೆ. ಇದು ಇರಬೇಕೋ ಬೇಡವೋ ಎಂದರು.

ಆ ಮಾತೇ ಎತ್ತಬೇಡಿ ಎನ್ನಿಸಿ, ‘ಇರ್ಲಿ ಬುಡಿ ಸ್ವಾಮಿ’ ಎಂದುಬಿಟ್ಟೆ. ಮುನ್ಷಿ ಲೇಖನಿ ಎತ್ತಿ ಹಿಡಿದು, ‘ಜಮಾದಾರರೇ, ಇರಲಿ ಅಂತ ಬರೆಯಲೋ, ಬಿಡಿ ಅಂತ ಬರೆಯಲೋ?’ ಎಂದು ಕೇಳಿದ. ಎಲ್ಲರೂ ನಕ್ಕರು. ಅವನು ನ್ಯಾಯವಾಗಿಯೇ ಕೇಳಿದ, ತಪ್ಪು ಅವನದಲ್ಲ. ಎರಡೂ ದಾರಿ ನನ್ನ ಮುಂದೆ ತೆರೆದಿಟ್ಟ. ನಾನು ಕುರ್ಚಿಯಲ್ಲಿ ಒರಗಿ, ಮೀಸೆ ತಿರುವಿ, ‘ಇರಲಿ ಅಂತ್ಲೇ ಬರ್ಕೊಳಿ. ನಾವು ಹೊತ್ತಿಲ್ವಾ? ಹೊತ್ತೇ ಗಟ್ಟಿಯಾದೋ’ ಎಂದು ಹೇಳಿ ರುಜು ಹಾಕಿದೆ. ಬಿಡಿ ಎಂದರೆ ಯಾಕೆ ಎಂದು ಕೇಳಿಯಾರು ಎಂಬ ಭಯ ಒಂದು. ಹೇಡಿ ಎಂದಾರು ಎಂಬ ಭಯ ಇನ್ನೊಂದು. ಭಯದಲ್ಲಿ ಹುಟ್ಟಿದ ಮಾತಿಗೆ ಶೌರ್ಯದ ಅಂಗಿ ತೊಡಿಸಿದೆ.

ಆಷಾಢದಲ್ಲಿ ನೀನು ಸೇರಿದೆ. ನಿನ್ನ ಸರದಿಯ ದಿನ ನಡೆದದ್ದನ್ನು ನೀನು ಏರಿಯ ಮೇಲೆ ಅಜ್ಜಿಗೆ ಹೇಳಿದೆಯಂತೆ. ಅವಳು ಬಾಗಿಲಲ್ಲಿ ನಿಂತು ನನಗೆ ಕೇಳಿಸುವಂತೆ ಗೋಡೆಗೆ ಹೇಳಿದಳು. ಬೆನ್ನ ಮೇಲೆ ಜೀನು, ಬಾಯಲ್ಲಿ ಕಡಿವಾಣ ಇಟ್ಟು ನಿನ್ನನ್ನು ನಿಲ್ಲಿಸಿ, ಹಿರಿಯನೊಬ್ಬ ಕಾಗದ ಬಿಡಿಸಿ ಓದಿದನಂತೆ: ‘ಕಲ್ಯದ ಜಮಾದಾರ್ ಕಾಡಸಿದ್ದಪ್ಪ. ಇರಲಿ.’ ಆಮೇಲೆ ಲಗಾಮು ಎಳೆದರಂತೆ. ಎರಡನೆಯ ಸುತ್ತಿನಲ್ಲಿ ಕಾಲು ತೊಡರಿ ನೀನು ಬಿದ್ದಾಗಲೂ ಕೈ ಸಡಿಲಿಸಲಿಲ್ಲವಂತೆ. ಎರಡು ಹಲ್ಲು, ತುಟಿಯ ಒಂದು ಅಂಚು. ನಿನ್ನ ಬಾಯಲ್ಲಿ ಕಬ್ಬಿಣವಿತ್ತು, ನಿನಗೆ ನನ್ನನ್ನು ಬಯ್ಯಲೂ ಆಗಲಿಲ್ಲ. ಮನೆಗೆ ಬರೆದ ಕಾಗದದಲ್ಲಿ ‘ನಾನು ಕ್ಷೇಮ, ಕುದುರೆ ಕ್ಷೇಮ’ ಎಂದಷ್ಟೇ ಬರೆದೆ. ನಾನು ಅದನ್ನು ಊರೆಲ್ಲ ಓದಿ ತೋರಿಸಿದೆ.

ಶಾಸ್ತ್ರವಂತೆ! ಯಾವ ಶಾಸ್ತ್ರ? ನಮ್ಮ ಕಾಲದಲ್ಲೂ ಹಾಗೇ ಇತ್ತು: ದೊಡ್ಡ ಮನೆತನದ ಹುಡುಗ ಬಂದರೆ ಜೀನನ್ನು ಅವನ ಹೆಗಲಿಗೆ ಮುಟ್ಟಿಸಿ ತೆಗೆದು ಹಾರ ಹಾಕುತ್ತಿದ್ದರು. ರಾಗಿ ಬೆಳೆಯುವವನ ಮಗ, ಬೊಂಬೆ ಕಡೆಯುವವನ ಮಗ, ನೇಯುವವನ ಮಗ ಬಂದರೆ ಮೂರು ಸುತ್ತು. ಎಲ್ಲರಿಗೂ ಒಂದೇ ಎಂದು ಗಾದೆ ಹೇಳುತ್ತದೆ, ಮೈದಾನ ಬೇರೆ ಹೇಳುತ್ತದೆ. ಇನ್ನೂ ಒಂದು ಕೇಳುತ್ತೇನೆ. ಕುದುರೆಯನ್ನು ಓಡಿಸಿದ ಮೇಲೆ ಮೈ ಒರೆಸುತ್ತೇವೆ, ಹುರುಳಿ ಬೇಯಿಸಿ ಹಾಕುತ್ತೇವೆ, ಕಡಿವಾಣ ಉಜ್ಜಿ ಹುಣ್ಣಾಗಿದ್ದರೆ ಎಣ್ಣೆ ಹಚ್ಚುತ್ತೇವೆ. ಕುದುರೆ ಮಾಡಿದ ಆ ಹುಡುಗನಿಗೆ ಯಾವನಾದರೂ ಒಂದು ಹಿಡಿ ಹುರುಳಿ ಕೊಟ್ಟಿದ್ದಾನೆಯೇ? ಕುದುರೆಯ ಮರ್ಯಾದೆಯೂ ಇಲ್ಲದ ಶಾಸ್ತ್ರಕ್ಕೆ ಬೆಂಕಿ ಬೀಳಲಿ. ಬಗ್ಗಿ ಹೊಡೆಸಿಕೊಂಡವನು ನಾಳೆ ಅಧಿಕಾರ ಸಿಕ್ಕಾಗ ಬಗ್ಗಿಸಿ ಹೊಡೆಯಲು ಹಾತೊರೆಯುತ್ತಾನೆ; ಅದು ಕಲಿಸುವುದು ಇದೊಂದನ್ನೇ. ನಾನು ಕಲಿತಿದ್ದೆ. ಎಷ್ಟು ಜನರ ಹಿಂದೆ ಲಗಾಮು ಹಿಡಿದು ಓಡಿದ್ದೇನೆ ಎಂದು ಕೇಳಬೇಡ, ಅವರ ಮುಖ ನೆನಪಿಲ್ಲ. ಹಿಂದಿನಿಂದ ಹಿಡಿದವನಿಗೆ ಮುಖ ಕಾಣುವುದಿಲ್ಲ.

ನೀನು ಮಾತ್ರ ಅದನ್ನು ಕಲಿಯಲಿಲ್ಲ. ಮಹಾನವಮಿ ಕಳೆದ ಮೇಲೆ ಹಬೀಬ ಸೇರಿದ, ಲಗಾಮನ್ನು ನಿನ್ನ ಕೈಗೆ ಕೊಟ್ಟರು. ನೀನು ಅದನ್ನು ನೆಲಕ್ಕೆ ಹಾಕಿ ಮುಂದೆ ಬಂದು, ಆ ಹುಡುಗನ ಮುಖ ನೋಡಿ, ನಿನ್ನ ಕೈಯಾರೆ ಕಡಿವಾಣ ಬಿಚ್ಚಿದೆ. ಹಬೀಬನೂ ಜೀನು ಕೆಳಗಿಟ್ಟು ನಿನ್ನ ಹಿಂದೆ ಬಂದ. ನಾನು ಮೂವತ್ತು ವರ್ಷದಲ್ಲಿ ಮಾಡಲಾರದ ಕೆಲಸ ಅದು. ಅದಕ್ಕೆ ನಾನು ಕೊಟ್ಟ ಬಹುಮಾನ ನಿನಗೆ ಗೊತ್ತಿದೆ.

ಸೋಮವಾರ ಮಾಗಡಿಗೆ ನಡೆದೆ. ಆ ಮುನ್ಷಿಗೆ ಒಂದು ಅರ್ಜಿ ಬರೆದು ಅಮಲ್ದಾರರ ಕಚೇರಿಯಲ್ಲಿ ಕೊಟ್ಟೆ: ನನ್ನ ಹೇಳಿಕೆಯಲ್ಲಿ ಇರಲಿ ಎಂಬಲ್ಲಿ ಬಿಡಿ ಎಂದು ತಿದ್ದಬೇಕು ಎಂದು. ಗುಮಾಸ್ತ ಓದಿ, ‘ಅಜ್ಜಾ, ಆ ರಿಪೋರ್ಟು ಅಚ್ಚಾಗಿ ಹೋಯ್ತಲ್ಲ. ಇರ್ಲಿ ಬುಡಿ’ ಎಂದ. ಅವನಿಗೇನು ಗೊತ್ತು ಪಾಪ. ಆದರೂ ಅರ್ಜಿ ತೆಗೆದುಕೊಂಡ. ಅದು ಎಲ್ಲಿಗೆ ಹೋಗುತ್ತದೋ ಕಾಣೆ. ಬರುವ ವರ್ಷ ಇನ್ನೊಬ್ಬ ಹುಡುಗನ ಮುಂದೆ ನನ್ನ ಹೆಸರನ್ನೇ ಓದುತ್ತಾರೆ. ನಾನು ಸತ್ತ ಮೇಲೂ ಓದುತ್ತಾರೆ.

ಮತ್ತೆ ಪಾಳ್ಯಕ್ಕೆ ಹೋಗು ಎಂದು ಹೇಳುವುದಿಲ್ಲ. ಮನೆಗೆ ಬಾ ಎಂದು ಹೇಳುವ ಮುಖವೂ ನನಗಿಲ್ಲ. ನೀನು ಕಡೆಯುವ ಕುದುರೆಗಳಿಗೆ ಹಬೀಬ ಕೆಂಪು ಅರಗು ಹಚ್ಚುತ್ತಾನಂತೆ, ಒಂದಕ್ಕೂ ಕಡಿವಾಣ ಬರೆಯುವುದಿಲ್ಲವಂತೆ. ಗಂಗಹನುಮಯ್ಯ ಅದನ್ನು ದೊಡ್ಡ ತಮಾಷೆ ಎಂದು ಹೇಳಿದ. ನಾನು ನಗಲಿಲ್ಲ. ಫಕ್ರುದ್ದೀನ್ ಸಾಹೇಬರಿಗೂ ಆ ತಾಯಿಗೂ ನನ್ನ ಶರಣು ತಿಳಿಸು. ಹಬೀಬನಿಗೆ ಆಶೀರ್ವಾದ ಹೇಳು, ಅವನು ಒಪ್ಪಿದರೆ. ನಿನಗೆ ಹೆಸರು ಕೊಟ್ಟ ರೇವಣಸಿದ್ದೇಶ್ವರ ತನ್ನ ಬೆಟ್ಟದ ಮೇಲಿಂದ ನಿನ್ನನ್ನು ನೋಡಿಕೊಳ್ಳಲಿ. ನಾನು ನೋಡಿಕೊಂಡದ್ದಕ್ಕಿಂತ ಚೆನ್ನಾಗಿ.

ಇಂತು ನಿನ್ನ ತಾತ,
ಕಾಡಸಿದ್ದಪ್ಪ
(ಜಮಾದಾರ್ ಎಂದು ಬರೆಯುವುದನ್ನು ಬಿಟ್ಟಿದ್ದೇನೆ)

ಮರೆತದ್ದು: ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು. ಗಂಗಹನುಮಯ್ಯ ಗಾಡಿ ಹೂಡಿ ‘ಆಯ್ತೇನ್ರಯ್ಯಾ, ಬಿಸ್ಲೇರ್ತಾ ಐತೆ’ ಎಂದು ಕೂಗುತ್ತಿದ್ದಾನೆ, ನಿನ್ನ ಅಜ್ಜಿ ತಲೆಯ ಮೇಲೆ ನಿಂತಿದ್ದಾಳೆ. ನೀನು ಚಿಕ್ಕವನಿದ್ದಾಗ ನನ್ನ ತೊಡೆಯ ಮೇಲೆ ಕೂತು ಮೀಸೆಯೊಳಗೆ ಬೆರಳಿಟ್ಟು, ‘ತಾತ, ದರೋಡೆಕೋರನ ಭರ್ಜಿ ಹೊಕ್ಕಿದ್ದು ಇಲ್ಲೇನಾ?’ ಎಂದು ಕೇಳುತ್ತಿದ್ದೆ. ಸಾವನದುರ್ಗದ ಕಾಡು, ಏಳು ಜನ ದರೋಡೆಕೋರರು, ನಾನೊಬ್ಬನೇ, ಎಷ್ಟು ಸಲ ಹೇಳಿಸಿಕೊಂಡಿದ್ದೀಯೆ. ಸುಳ್ಳು. ಯಾವ ದರೋಡೆಕೋರನೂ ಇರಲಿಲ್ಲ. ಅದು ಕಡಿವಾಣದ ಗಾಯ. ಮೂರನೆಯ ಸುತ್ತಿನಲ್ಲಿ ಬಿದ್ದೆ, ಅತ್ತೆ, ಬಿಡಿ ಬಿಡಿ ಎಂದು ಕಬ್ಬಿಣ ಕಚ್ಚಿಕೊಂಡೇ ಬೇಡಿದೆ. ಹೊಸ ಮದುವಣಗಿತ್ತಿ ನಿನ್ನ ಅಜ್ಜಿ ತಿಂಗಳೊಪ್ಪತ್ತು ಗಂಜಿ ಕುಡಿಸಿ, ತುಟಿಗೆ ತುಪ್ಪ ಸವರಿದಳು. ಮುಚ್ಚಲೆಂದೇ ಮೀಸೆ ಬಿಟ್ಟೆ. ಭಾನುವಾರದ ಹೊತ್ತಿಗೆ ನಾವಿಬ್ಬರೂ ಚನ್ನಪಟ್ಟಣಕ್ಕೆ ಬರುತ್ತೇವೆ, ಬಾಗಿಲು ತೆಗೆಯುವುದು ನಿನ್ನ ಇಷ್ಟ. ನಿನ್ನೆ ಮೀಸೆ ಬೋಳಿಸಿದೆ. ಗುರುತು ಸಿಗದಿದ್ದರೆ ಬಾಯಿಯ ಎಡಗಡೆ ನೋಡು.