ಅಂಗಳದ ಸಾವಿರ ಸಿಸಿ ಗಾಡಿ

ಯಾದಗಿರಿ, ಸೋಮವಾರ

ಅಪ್ಪಾ,

ಹೇಳದೆ ಹೊರಟು ಬಂದೆ. ಸುಖವಾಗಿ ಮುಟ್ಟಿದ್ದೇನೆಂದು ಅವ್ವನಿಗೆ ತಿಳಿಸಿ. ಸಿಟ್ಟು ಮಾತ್ರ ಇಳಿದಿಲ್ಲ.

ನಿನ್ನೆ ನನ್ನನ್ನು ನೋಡಲು ಬಂದ ಶಹಾಪುರದ ವರ ಭೀಮಾಶಂಕರ ಅವರು ಅಂಗಳದಲ್ಲಿದ್ದ ಗಾಡಿ ಯಾರದೆಂದು ಕೇಳಿದಾಗ, "ನಮ್ಮ ಹುಡುಗ ಅಮರೇಶಂದ್ರಿ" ಎಂದುಬಿಟ್ಟಿರಿ. ನಾನು ಬಾಯಿ ತೆರೆದರೆ ಕಣ್ಣು ಕೆಂಪಗೆ ಮಾಡಿದಿರಿ. ತಮ್ಮನಿಗೆ ಅದನ್ನು ಸ್ಟ್ಯಾಂಡಿನಿಂದ ಇಳಿಸಲೂ ಬಾರದು. ಯಾರೋ ಓಡಿಸಿ ಮಾರಿದ ಆ ಸಾವಿರ ಸಿಸಿ ಗಾಡಿಯನ್ನು ನನ್ನ ಸಂಬಳದಲ್ಲಿ ಕೊಂಡು, ಹೈದರಾಬಾದಿನಿಂದ ಸುರಪುರದವರೆಗೆ ಒಬ್ಬಳೇ ಓಡಿಸಿಕೊಂಡು ಬಂದವಳು ನಾನು. ನಿಮ್ಮ ಕಣ್ಣಿನ ಪೊರೆ ತೆಗೆಸಲು ರಾಯಚೂರಿಗೆ ಕರೆದೊಯ್ದದ್ದೂ ಅದರ ಮೇಲೆಯೇ. ಆಗ ನನ್ನ ಹೆಗಲು ಹಿಡಿದು ಕುಳಿತ ನಿಮಗೆ ನಾಚಿಕೆ ಇರಲಿಲ್ಲ.

ನಾನು ಚಹಾದ ತಟ್ಟೆ ಹಿಡಿದು ನಿಂತಿರುವಾಗಲೇ, ಒಂದು ಸುತ್ತು ಹೊಡೆದು ಬನ್ನಿ ಎಂದು ಕೀಲಿಯನ್ನು ಅವರ ಕೈಗೆ ಕೊಟ್ಟಿರಿ. ಕಾಲುವೆಯ ತಿರುವಿನಲ್ಲಿ ಗಾಡಿ ಉರುಳಿತು. ಅವರಿಗೆ ಮೊಣಕೈ ತರಚಿತು, ನನ್ನ ಗಾಡಿಯ ಕನ್ನಡಿ ಮುರಿಯಿತು. ಗಂಡಸರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ನಾನೇ ಓಡಿ ಬಂದು ಸೀಟಿಗೆ ಬೆನ್ನು ಕೊಟ್ಟು ಎತ್ತಿ ನಿಲ್ಲಿಸಿದೆ.

"ಗಾಡಿ ನಂದ್ರಿ" ಎಂದೆ.

"ಮೊದಲ ಹೇಳಿದ್ರ ಹಿಂದ ಕುಂದರ್ತಿದ್ನಲ್ರಿ!" ಎಂದು ಅವರು ನಕ್ಕರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಒಪ್ಪಿಗೆ ಬೇಕಿದ್ದರೆ, ಅವರ ತಂದೆತಾಯಿಯ ಎದುರು ಗಾಡಿ ಮಗಳದೆಂದು ನೀವೇ ಹೋಗಿ ಹೇಳಿ ಬನ್ನಿ. ಶಹಾಪುರಕ್ಕೆ ಬೇಕಾದಷ್ಟು ಬಸ್ಸುಗಳಿವೆ. ನಾನು ಕರೆದೊಯ್ಯುವುದಿಲ್ಲ.

ನಿಮ್ಮ ಮಗಳು,
ಮೋನಮ್ಮ